ಬೆಳ್ಳುಳ್ಳಿ ಇಲ್ಲದ ಎಡೆ

ಇಡೀ ಬೀದಿಗೆ ಬಿಸಿ ಊಟ ಹಾಕುವ ಆ ಮನೆಯಲ್ಲಿ ಬಿಸಿ ಅನ್ನ ಉಂಡವರು ಒಬ್ಬರೂ ಇರಲಿಲ್ಲ. ‘ಸೊಲ್ ಚಿಕನ್’ ಅಂಗಡಿಯವರ ಮಧ್ಯಾಹ್ನದ ಊಟ ಮೂರು ಗಂಟೆಯ ಮೇಲೆ. ಶಾಲೆಯ ಮೇಷ್ಟ್ರುಗಳೂ ಕಚೇರಿಯ ಹುಡುಗಿಯರೂ ತಿಂದು ಬಾಯೊರೆಸಿಕೊಂಡು ಹೋದ ನಂತರ, ಅಡುಗೆಮನೆಗೆ ಅಂಟಿಕೊಂಡ ಮೂಲೆಯ ಮೇಜಿನಲ್ಲಿ ಮನೆಯವರು ಕೂರುತ್ತಿದ್ದರು. ಅನ್ನದ ಪಾತ್ರೆಯ ತಳ ಕೆರೆದದ್ದು, ಗಿರಾಕಿಯ ಮುಂದಿಡಲು ನಾಚಿಕೆಯಾಗುವಷ್ಟು ಕಪ್ಪಾದ ಕೋಳಿಯ ಚೂರುಗಳು, ಮೊಳಕೆಕಾಳಿನ ತಣ್ಣನೆಯ ಸಾರು. ಇನ್‌ಸುಕ್ ಅದನ್ನು ಎಡಗೈಯಲ್ಲಿ ತಿನ್ನುತ್ತಿದ್ದಳು. ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು, ಬೇರೆ ಯಾರದೋ ಕೈಯ ಹಾಗೆ.

ಮನೆಯ ಜಗಳಗಳೆಲ್ಲ ನಡೆಯುತ್ತಿದ್ದದ್ದೂ ಈ ಊಟದ ಹೊತ್ತಿಗೇ. ಜಗಳಕ್ಕೆ ಅಂತ ಬೇರೆ ಹೊತ್ತು ಎಲ್ಲಿಂದ ತರುವುದು? ದೇಜನ್ ಪಟ್ಟಣದ ಹಳೆಯ ಬಡಾವಣೆಯಲ್ಲಿ, ಪ್ರಾಥಮಿಕ ಶಾಲೆಯ ಹಿಂದಿನ ಬೀದಿಯಲ್ಲಿ, ಅಂಗಡಿ ಕೆಳಗೆ, ಮನೆ ಮೇಲೆ. ಮಗಳು ಸೊಲ್ ಹುಟ್ಟಿದ ವರ್ಷ ಶುರುವಾದ ಅಂಗಡಿ, ಅದಕ್ಕೇ ಅವಳ ಹೆಸರು. ಮೊದಲೆಲ್ಲ ಸಂಜೆಗಷ್ಟೇ ತೆರೆಯುತ್ತಿತ್ತು. ಸೊಲ್ ಓದು ಮುಗಿಸಿ, ಎಲ್ಲೂ ನೆಲೆ ನಿಲ್ಲದೆ ಅಂಗಡಿಗೇ ಬಂದು ಸೇರಿದಾಗ, ಕರಿದ ಕೋಳಿಯನ್ನು ಬಿಸಿ ಅನ್ನದ ಮೇಲೆ ಹರವಿ, ಮೊಟ್ಟೆ ಒಡೆದು ಹಾಕಿ, ಸಿಹಿಖಾರದ ಗೊಜ್ಜು ಸುರಿದು ಬೋಗುಣಿಯಲ್ಲಿ ಕೊಡುವ ಮಧ್ಯಾಹ್ನದ ಊಟ ಶುರು ಮಾಡಿದಳು. ಬೋಗುಣಿ ಅನ್ನ ಚೆನ್ನಾಗಿ ಓಡಿತು. ಹುಡುಗಿ ಗಟ್ಟಿಗಿತ್ತಿ ಎಂದು ಬೀದಿಯೆಲ್ಲ ಹೊಗಳಿತು. ಆದರೆ ಕೋಳಿ ಕರಿಯುವವಳು ಮಾತ್ರ ಅದೇ ಇನ್‌ಸುಕ್. ಸಂಜೆ ಎತ್ತುತ್ತಿದ್ದ ಜಾಲರಿ ಬುಟ್ಟಿಯನ್ನು ಈಗ ಬೆಳಗಿನಿಂದಲೇ ಎತ್ತತೊಡಗಿದಳು. ಇಲ್ಲಿನ ಕೋಳಿಯನ್ನು ಒಂದು ಸಲ ಕರಿದರೆ ಸಾಲದು. ಒಮ್ಮೆ ಕರಿದು, ಮೇಲೆತ್ತಿ, ಕುಲುಕಿ, ಆರಿಸಿ, ಮತ್ತೆ ಎಣ್ಣೆಗಿಳಿಸಬೇಕು. ಒಂದೊಂದು ಕೋಳಿಗೂ ಆ ತೋಳು ಎರಡೆರಡು ಸಲ ಮೇಲೇಳಬೇಕು.

ಆ ದಿನ ಊಟದ ನಡುವೆ ಅತ್ತೆ ಮಲ್‌ಸುನ್ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನಿಂತರು. ಎಂಬತ್ತು ದಾಟಿದ ಮುದುಕಿ. ಅಂಗಡಿಗೆ ಬೆಳ್ಳುಳ್ಳಿ ಸುಲಿಯುವುದು, ಮೂಲಂಗಿ ಹೆಚ್ಚಿ ಹುಳಿನೀರಿಗೆ ಹಾಕುವುದು ಮತ್ತು ಎಲ್ಲರ ಮೇಲೂ ಒಂದು ಕಣ್ಣಿಡುವುದು ಅವರ ಕೆಲಸ. ಕ್ಯಾಲೆಂಡರಿನಲ್ಲಿ ದೊಡ್ಡ ತಾರೀಕಿನ ಕೆಳಗೆ ಸಣ್ಣಗೆ ಅಚ್ಚಾದ ಚಾಂದ್ರಮಾನದ ತಿಥಿಯನ್ನು ಆ ಮನೆಯಲ್ಲಿ ಓದುತ್ತಿದ್ದವರು ಅವರೊಬ್ಬರೇ.

“ಸೊಲ್ ಅಮ್ಮ,” ಎಂದರು. ಸೊಸೆಯನ್ನು ಅವಳ ಮಗಳ ಹೆಸರಿನಿಂದಲ್ಲದೆ ಬೇರೆ ಹೆಸರಿನಿಂದ ಅವರು ಕರೆದದ್ದೇ ಇಲ್ಲ. “ಈ ಸಲ ನಿನ್ನ ಮಾವನ ತಿಥಿ ಮೊದಲನೇ ಬೊಕ್ ದಿನಾನೇ ಬಿದ್ದಿದೆ.”

ಮೇಜಿನ ಸುತ್ತ ಚಮಚಗಳು ನಿಂತವು. ಸೆಕೆಗಾಲದ ಮೂರು ಬೊಕ್ ದಿನಗಳೆಂದರೆ ದೇಶಕ್ಕೆ ದೇಶವೇ ಕೋಳಿ ತಿಂದು ಬಿಸಿಲಿನ ಮೇಲೆ ಸೇಡು ತೀರಿಸಿಕೊಳ್ಳುವ ದಿನಗಳು. ಕೋಳಿ ಅಂಗಡಿಯವರಿಗೆ ಆವತ್ತು ಉಸಿರಾಡುವುದಕ್ಕೂ ಬಿಡುವಿಲ್ಲ. ಮಾವನ ತಿಥಿ ಎಂದರೆ ಮೀನಿನ ಬಿಲ್ಲೆ, ಸೋರೆಯ ಬಿಲ್ಲೆ, ತೋಫುವಿನ ಬಿಲ್ಲೆ. ಒಂದೊಂದನ್ನೂ ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಕಾವಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಣ್ಣೆಯಲ್ಲಿ ಬೇಯಿಸುವುದು. ಜೊತೆಗೆ ಇಡಿಯಾಗಿ ಬೇಯಿಸಿದ ಕೋಳಿ, ಮಾಂಸದ ಸಾರು, ಮೂರು ಬಣ್ಣದ ಸೊಪ್ಪಿನ ಪಲ್ಯ. ಮಾಡುವವಳು ಹಿರಿಯ ಸೊಸೆ. ವರ್ಷವಿಡೀ ಬದುಕಿರುವವರಿಗೆ ಕರಿದು, ಹಬ್ಬ ತಿಥಿ ಬಂದರೆ ಸತ್ತವರಿಗೂ ಕರಿಯುವ ಭಾಗ್ಯ ಇನ್‌ಸುಕ್‌ಳದು.

“ಎರಡೂ ನನ್ನ ಕೈಲಾಗಲ್ಲ,” ಎಂದಳು ಅವಳು. ದನಿ ಏರಿಸಲಿಲ್ಲ. “ಅಂಗಡಿ ಆದ್ರೆ ಅಂಗಡಿ. ತಿಥಿ ಆದ್ರೆ ತಿಥಿ. ಒಂದು ಹೇಳಿ.”

ಗಂಡ ಗ್ಯುತೇ ಸಾರಿನ ಬಟ್ಟಲನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಕಷ್ಟದ ಮಾತು ಬಂದಾಗಲೆಲ್ಲ ಅವನಿಗೆ ಬಾಯಾರಿಕೆಯಾಗುತ್ತಿತ್ತು. ಸ್ಕೂಟರಿನಲ್ಲಿ ಮನೆಮನೆಗೆ ಕೋಳಿ ತಲುಪಿಸುವುದು ಅವನ ಕೆಲಸ, ಜಗಳ ಕಾವೇರುವ ಹೊತ್ತಿಗೆ ಸರಿಯಾಗಿ ಅವನಿಗೊಂದು ಮನೆ ನೆನಪಾಗುತ್ತಿತ್ತು. ಇವತ್ತು ಯಾವ ಮನೆಯೂ ನೆನಪಾಗಲಿಲ್ಲ. ಬೊಕ್ ದಿನ ಬಾಗಿಲು ಹಾಕಿದರೆ ಗಿರಾಕಿಗಳು ಎದುರು ಬೀದಿಯ ಹೊಸ ಅಂಗಡಿಗೆ ಹೋಗಿ ಅಲ್ಲೇ ನೆಲೆಯೂರುತ್ತಾರೆ ಎಂದ. ಅಪ್ಪನ ತಿಥಿ ಬಿಡುವುದಕ್ಕೂ ಆಗುವುದಿಲ್ಲ ಎಂದ. ಎರಡು ಮಾತನ್ನೂ ಹೇಳಿ, ಏನೋ ತೀರ್ಮಾನ ಕೊಟ್ಟವನಂತೆ ಬಾಯೊರೆಸಿಕೊಂಡ.

ಸಂತೆಯ ಹತ್ತಿರದ ಪಲ್ಯದಂಗಡಿಯಲ್ಲಿ ಎಡೆಯ ಅಡುಗೆ ಸಿದ್ಧವಾಗಿ ಸಿಗುತ್ತದೆ, ಒಂದು ಮಾತು ಹೇಳಿದರೆ ಮನೆಗೇ ತಂದುಕೊಡುತ್ತಾರೆ ಎಂದು ಸೊಲ್ ನೆನಪಿಸಿದಳು.

“ಅಂಗಡಿ ಅನ್ನ ಇಕ್ಕೋಕೆ ಅವರೇನು ದಿಕ್ಕಿಲ್ಲದೋರಾ?” ಎಂದರು ಮಲ್‌ಸುನ್.

“ನಾವೂ ಅಂಗಡಿಯೋರೇ ಅಜ್ಜಿ. ಊರಿಗೆಲ್ಲ ಅಂಗಡಿ ಅನ್ನಾನೇ ಇಕ್ಕೋದು.”

“ನಿನ್ನ ನಾಲಿಗೇನೂ ಎರಡು ಸಲ ಕರಿದಿದಾರೆ, ಗರಿಗರಿ ಅನ್ನತ್ತೆ.”

ಗ್ಯುತೇಗೆ ಆಗ ಒಂದು ಉಪಾಯ ಹೊಳೆಯಿತು. ಈ ವರ್ಷ ಆರನೆಯ ತಿಂಗಳಿಗೆ ಅಧಿಕ ಮಾಸ ಬಂದಿದೆ. ಈಗಿನದು ನಿಜದ ಆರನೆಯ ತಿಂಗಳು, ಅದು ಮುಗಿದ ಮೇಲೆ ಇನ್ನೊಂದು ಆರನೆಯ ತಿಂಗಳು. ಅಲ್ಲಿಯೂ ಅದೇ ತಿಥಿ ಬಂದೇ ಬರುತ್ತದಲ್ಲ, ಆಗ ನಿಧಾನವಾಗಿ ಮಾಡಿದರಾಯಿತು ಎಂದ. ತಾಯಿ ಕ್ಯಾಲೆಂಡರಿನ ಕಡೆಯಿಂದ ಅವನತ್ತ ತಿರುಗಿದರು.

“ಅಧಿಕದಲ್ಲಿ ದೇವರೂ ನೋಡಲ್ಲ, ದೆವ್ವಾನೂ ನೋಡಲ್ಲ. ಮೇಲಿರೋರೆಲ್ಲ ಕಣ್ಣು ಮುಚ್ಚಿರೋ ತಿಂಗಳು ಅದು. ಆಗ ಎಡೆ ಇಟ್ರೆ ಯಾರು ಬಂದು ಉಣ್ಣಬೇಕು, ನೀನಾ?”

ಅಲ್ಲಿಗೆ ಆ ದಾರಿಯೂ ಮುಚ್ಚಿತು. ಕೊನೆಗೆ ಗ್ಯುತೇ ಹೇಳಿದ ಹಾಗೆಯೇ ಆಯಿತು, ಅಂದರೆ ಯಾರ ಮಾತೂ ಆಗಲಿಲ್ಲ. ಆವತ್ತು ಅಂಗಡಿಯನ್ನೂ ತೆರೆಯುವುದು, ಮುಸ್ಸಂಜೆಗೆ ಒಂದಷ್ಟು ಹೊತ್ತು ಬಾಗಿಲೆಳೆದು ಮೇಲೆ ಹೋಗಿ ಎಡೆ ಇಟ್ಟು ಬರುವುದು, ಮತ್ತೆ ತೆರೆಯುವುದು.

“ತಿಥಿ ಆದ ಮೇಲಾದ್ರೂ ವಾರಕ್ಕೊಂದು ದಿನ ಅಂಗಡಿ ಮುಚ್ಚೋಣ,” ಎಂದಳು ಇನ್‌ಸುಕ್. “ಸೋಮವಾರ. ಸೋಮವಾರ ಹೇಗೂ ಜನ ಕಡಿಮೆ.”

“ನೋಡೋಣ,” ಎಂದ ಗ್ಯುತೇ. ಅವನ ‘ನೋಡೋಣ’ ಸೊಲ್‌ಗಿಂತ ಹಳೆಯದು.

ಮೂಳೆ ಡಾಕ್ಟರ ಹತ್ತಿರ ಇನ್‌ಸುಕ್ ಹೋಗಿಬಂದದ್ದು ಆ ವಾರವೇ. ಮಳೆ ಹಿಡಿದ ಬೆಳಗು, ಒಬ್ಬಳೇ ಹೋಗಿದ್ದಳು. ಭುಜದೊಳಗಿನ ಸ್ನಾಯು ಹಳೆಯ ಹಗ್ಗದ ಹಾಗೆ ಸವೆದು ಎಳೆಎಳೆಯಾಗಿದೆ, ಇನ್ನು ಭಾರ ಎತ್ತಿದರೆ ಹರಿದೇ ಹೋಗುತ್ತದೆ, ಆಮೇಲೆ ಕುಯ್ಯಬೇಕಾಗುತ್ತದೆ, ಕುಯ್ದರೂ ಕೈ ಮೊದಲಿನಂತಾಗುವ ಭರವಸೆ ಇಲ್ಲ ಎಂದರು ಡಾಕ್ಟರು. ಮೂರು ತಿಂಗಳು ಆ ಕೈಯನ್ನು ಭುಜದ ಮೇಲಕ್ಕೆ ಎತ್ತಬೇಡಿ ಎಂದರು. ಇನ್‌ಸುಕ್‌ಗೆ ನಗು ಬಂತು. ಯಾಕಮ್ಮಾ ನಗುತ್ತೀರಿ ಎಂದು ಅವರು ಕೇಳಿದಾಗ, ನೀವು ಪ್ರತಿ ಶುಕ್ರವಾರ ತರಿಸಿಕೊಳ್ಳುವ ಕೋಳಿಯನ್ನು ಯಾರು ಎತ್ತುತ್ತಾರೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಮನೆಗೆ ಬಂದು ಹೇಳಿದಳು. ಸೊಲ್‌ಳ ಮುಖ ಸಣ್ಣದಾಯಿತು. ಗ್ಯುತೇ ಔಷಧಿ ಅಂಗಡಿಯಿಂದ ನೋವಿನ ಪಟ್ಟಿಗಳ ದೊಡ್ಡ ಕಟ್ಟನ್ನೇ ತಂದ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರು. ಬೊಕ್ ದಿನ ಒಂದು ದಾಟಲಿ ಎಂದು ಎಲ್ಲರೂ ಅಂದುಕೊಂಡರು. ಇನ್‌ಸುಕ್ ಕೂಡ ಹಾಗೇ ಅಂದುಕೊಂಡಳು, ಅದೇ ಅವಳ ತಪ್ಪು.

ಬೊಕ್ ದಿನ ಬಂತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗಲ್ಲಾಪೆಟ್ಟಿಗೆಯ ಪಕ್ಕದ ಯಂತ್ರ ಕೂಗತೊಡಗಿತು. ಆರ್ಡರ್ ಬಂದಾಗಲೆಲ್ಲ ಅದರೊಳಗಿನ ಹುಡುಗಿ ‘ಆರ್ಡರ್ ಬಂದಿದೆ’ ಎಂದು ಹಬ್ಬದ ದನಿಯಲ್ಲಿ ಸಾರುತ್ತಾಳೆ. ಆವತ್ತು ಆ ಹುಡುಗಿಗೆ ದಣಿವೆಂಬುದೇ ಇರಲಿಲ್ಲ. ಬುಟ್ಟಿ ಇಳಿಸು, ಎತ್ತು, ಕುಲುಕು, ಆರಿಸು, ಮತ್ತೆ ಇಳಿಸು. ಸೊಲ್ ಕೋಳಿಯನ್ನು ಗೊಜ್ಜಿನಲ್ಲಿ ಹೊರಳಿಸಿ ಡಬ್ಬಿಗೆ ತುಂಬುತ್ತಿದ್ದಳು, ಗ್ಯುತೇ ಹೆಲ್ಮೆಟ್ ತೆಗೆಯದೆಯೇ ಬಂದು ಹೋಗುತ್ತಿದ್ದ. ಅತ್ತೆ ಮೇಲಿನ ಮನೆಯಲ್ಲಿ ಸೊಪ್ಪು ಬೇಯಿಸಿ, ಸಾರಿಗಿಟ್ಟಿದ್ದರು. ಬಿಲ್ಲೆಗಳೂ ಬೇಯಿಸಿದ ಕೋಳಿಯೂ ಇನ್‌ಸುಕ್ ಪಾಲಿಗೆ, ಮಧ್ಯಾಹ್ನದ ಬಿಡುವಿಗೆ ಎಂದು ಮಾತಾಗಿತ್ತು. ಮೈದುನನಿಗೆ ಬರಲು ಬಿಡುವಿರಲಿಲ್ಲ. ಅಣ್ಣನ ಮನೆಗೆ ಒಂದು ಪೆಟ್ಟಿಗೆ ಪೀಚ್ ಹಣ್ಣು ಕಳಿಸಿದ್ದ. ಪೀಚ್ ಹಣ್ಣಿಗೆ ಹೆದರಿ ಹಿರಿಯರು ಹೊಸ್ತಿಲು ದಾಟುವುದಿಲ್ಲ, ಎಡೆಗೆ ಅದನ್ನು ಇಡುವಂತಿಲ್ಲ ಎಂಬಷ್ಟೂ ಅವನಿಗೆ ನೆನಪಿರಲಿಲ್ಲ. ಪೆಟ್ಟಿಗೆ ಅಂಗಡಿಯ ಬಾಗಿಲ ಬಳಿ ಎಲ್ಲರ ಕಾಲಿಗೆ ತೊಡರುತ್ತ ಬಿದ್ದಿತ್ತು.

ಮಧ್ಯಾಹ್ನದ ಬಿಡುವು ಬರಲೇ ಇಲ್ಲ. ಐದು ಗಂಟೆಯ ಸುಮಾರಿಗೆ ಇನ್‌ಸುಕ್ ಎಣ್ಣೆಯಿಂದ ಬುಟ್ಟಿ ಎತ್ತಲು ಹೋದಾಗ ತೋಳು ಮಾತು ಕೇಳಲಿಲ್ಲ. ನೋವು ಕೂಡ ಇರಲಿಲ್ಲ, ಕೈಯೇ ಇಲ್ಲದಂತಾಯಿತು. ಬುಟ್ಟಿ ಮತ್ತೆ ಎಣ್ಣೆಗೆ ಜಾರಿತು. ಅವಳು ಹಿಟ್ಟಿನ ಚೀಲದ ಮೇಲೆ ಕೂತಳು. ಸೊಲ್ ಓಡಿಬಂದು ಎರಡೂ ಕೈಯಲ್ಲಿ ಬುಟ್ಟಿ ಎತ್ತಿದಳು. ಆ ಕೋಳಿ ಕಪ್ಪಾಗಿತ್ತು.

“ಬಿಲ್ಲೆ ಮಾಡಿಲ್ಲ,” ಎಂದಳು ಇನ್‌ಸುಕ್. ಮಗಳು ಐಸಿನ ಚೀಲವನ್ನು ಅವಳ ಭುಜಕ್ಕೆ ಒತ್ತಿ ಹಿಡಿದು, ಬಿಲ್ಲೆ ಹಾಳಾಗಲಿ ಎಂದಳು.

ಮುಸ್ಸಂಜೆಗೆ ಗ್ಯುತೇ ಅಂಗಡಿಯ ಬಾಗಿಲೆಳೆದ. ಮೇಲಿನ ಮನೆಯ ನಡುಕೋಣೆಯಲ್ಲಿ ಪೀಠದ ಮೇಲೆ ಮಾವನ ಫೋಟೋ, ಮೇಣದಬತ್ತಿ, ಧೂಪ, ಅನ್ನ, ಸಾರು, ಸೊಪ್ಪು, ಪೇರು ಹಣ್ಣು. ಹಿರಿಯರು ಒಳಗೆ ಬರಲೆಂದು ಬಾಗಿಲು ತೆರೆದಿತ್ತು. ಬಿಲ್ಲೆಯ ಜಾಗವೂ ಕೋಳಿಯ ಜಾಗವೂ ಖಾಲಿ. ಗ್ಯುತೇ ಒಂದು ಗಳಿಗೆ ನಿಂತು ನೋಡಿದ, ದಡದಡನೆ ಕೆಳಗಿಳಿದು ಹೋದ, ಒಂದು ತಟ್ಟೆ ತುಂಬ ಹೊಂಬಣ್ಣದ ಕರಿದ ಕೋಳಿ ಹಿಡಿದು ಬಂದ. ಕೆಂಪು ಗೊಜ್ಜು ಸವರದ್ದನ್ನೇ ಆರಿಸಿ ತಂದಿದ್ದ. ಮೆಣಸಿನಕಾಯಿಯ ಕೆಂಪು ಎಡೆಗೆ ಆಗದು ಎಂಬುದು ಅವನಿಗೂ ಗೊತ್ತಿತ್ತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ತಟ್ಟೆಯನ್ನು ಅಪ್ಪನ ಫೋಟೋದ ಮುಂದಿಟ್ಟ.

ಇನ್‌ಸುಕ್ ನೋಡಿದಳು. ಕೋಳಿಯನ್ನು ಹಿಂದಿನ ದಿನವೇ ಬೆಳ್ಳುಳ್ಳಿಯ ರಸದಲ್ಲಿ ನೆನೆಹಾಕಿದವಳು ಅವಳೇ. ಮೆಣಸಿನಕಾಯಿ ಹೇಗೋ ಬೆಳ್ಳುಳ್ಳಿಯೂ ಹಾಗೆಯೇ, ವಾಸನೆಗೇ ಸತ್ತವರು ಹಿಂದೆ ಸರಿಯುತ್ತಾರೆ. ಹಾಗೆಂದೇ ಅತ್ತೆ ಎಡೆಯ ದಿನ ಬೆಳಿಗ್ಗೆಯೇ ಉಪ್ಪು ಹಾಕಿ ಕೈ ತಿಕ್ಕಿ ತೊಳೆಯುತ್ತಿದ್ದದ್ದು. ಬಾಯಿ ತೆರೆದು ಹೇಳಬೇಕು, ತಟ್ಟೆ ತೆಗೆಸಬೇಕು, ಮತ್ತೆ ಒಲೆ ಹಚ್ಚಬೇಕು. ಅವಳು ಬಾಯಿ ತೆರೆಯಲಿಲ್ಲ. ಗ್ಯುತೇ ಮದ್ಯ ಸುರಿದು ನೆಲಕ್ಕೆ ಹಣೆ ಹಚ್ಚಿ ಎರಡು ಸಲ ಬಗ್ಗಿದ. ಅನ್ನದಲ್ಲಿ ಚಮಚ ನೆಟ್ಟರು. ಹಿರಿಯರು ಉಣ್ಣಲಿ ಎಂದು ಎಲ್ಲರೂ ತಲೆ ತಗ್ಗಿಸಿ ಕಾದರು. ಇನ್‌ಸುಕ್ ತಲೆ ತಗ್ಗಿಸಿಕೊಂಡೇ ತೂಕಡಿಸಿದಳು.

ಎಡೆ ತೆಗೆದ ಮೇಲೆ ಅದನ್ನು ಮನೆಯವರು ಹಂಚಿ ತಿನ್ನಬೇಕು. ಮಲ್‌ಸುನ್ ಕೋಳಿಯ ಒಂದು ಚೂರು ಬಾಯಿಗಿಟ್ಟರು. ಅಗಿಯುವುದು ನಿಂತಿತು.

“ಇದರಲ್ಲಿ ಬೆಳ್ಳುಳ್ಳಿ ಇದೆ.”

ಗ್ಯುತೇ ತಟ್ಟೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ತಟ್ಟೆಯನ್ನು ನೋಡಿದ.

“ಬಾಗಿಲವರೆಗೂ ಬಂದು, ಹಸ್ಕೊಂಡು ವಾಪಸ್ ಹೋದ್ರು,” ಎಂದರು ಮಲ್‌ಸುನ್. ಮಗನಿಗಲ್ಲ, ಸೊಸೆಗೆ. ಇಷ್ಟು ವರ್ಷ ಈ ಮನೆಯಲ್ಲಿದ್ದೂ ಎಡೆಗೆ ಏನಿಡಬೇಕು ಏನಿಡಬಾರದು ಎಂದು ನೋಡಿಕೊಳ್ಳಲಾಗದ ಸೊಸೆ ಯಾತಕ್ಕೆ, ನಾಳೆ ನಾನು ಸತ್ತರೆ ನನಗೂ ಇದೇ ಗತಿ ಎಂದೆಲ್ಲ ಒಂದೇ ಉಸಿರಿನಲ್ಲಿ ಅಂದರು.

“ನನಗೆ ಗೊತ್ತಿತ್ತು ಅತ್ತೆ,” ಎಂದಳು ಇನ್‌ಸುಕ್. “ತಟ್ಟೆ ಇಟ್ಟಾಗ್ಲೇ ಗೊತ್ತಿತ್ತು. ಬಾಯಿ ಬಿಡೋಕೂ ಆಗದಷ್ಟು ಸುಸ್ತಾಗಿತ್ತು.”

“ಸುಸ್ತು. ನಮ್ಮ ಕಾಲದಲ್ಲಿ ಆ ಪದಾನೇ ಇರ್ಲಿಲ್ಲ.”

“ಇತ್ತು ಅಜ್ಜಿ,” ಎಂದಳು ಸೊಲ್. “ಹೇಳೋಕೆ ಬಿಡ್ತಿರ್ಲಿಲ್ಲ ಅಷ್ಟೆ.”

ಇನ್‌ಸುಕ್ ಎದ್ದು ನಿಂತಳು. ಏಳಲು ಎಡಗೈಯನ್ನೇ ನೆಲಕ್ಕೆ ಊರಬೇಕಾಯಿತು. “ಅವರ ಮುಖಾನೇ ನಾನು ನೋಡಿಲ್ಲ. ನಾನು ಈ ಮನೆಗೆ ಬರೋ ಮೊದಲೇ ಹೋಗಿದ್ರು. ಮುಖ ನೋಡದವರಿಗೆ ವರ್ಷ ವರ್ಷ ಕರಿದು ಹಾಕಿದೀನಿ. ದಿನಾ ಮುಖ ನೋಡೋರು ನೀವು, ನನ್ನ ಕೈ ಹೇಗಿದೆ ಅಂತ ಒಂದು ದಿನ ಕೇಳಿದೀರಾ?”

ಕೆಳಗೆ, ಎಳೆದ ಬಾಗಿಲ ಹಿಂದೆ, ಯಂತ್ರದ ಹುಡುಗಿ ‘ಆರ್ಡರ್ ಬಂದಿದೆ’ ಎಂದು ಕೂಗಿದಳು. ಗ್ಯುತೇ ಹೆಲ್ಮೆಟ್ಟಿಗೆ ಕೈ ಹಾಕಿದ. ಇನ್‌ಸುಕ್ ಅವನಿಗಿಂತ ಮೊದಲು ಮೆಟ್ಟಿಲಿಳಿದಳು. ಅಷ್ಟೊಂದು ಮಾತಾಡಿದವಳು ಹೋಗಿ ನಿಂತದ್ದು ಮತ್ತೆ ಅದೇ ಎಣ್ಣೆಯ ಮುಂದೆ. ತನ್ನ ಮೇಲೆ ಅವಳಿಗೆ ಅಸಹ್ಯವಾಯಿತು.

ಮರುದಿನದಿಂದ ಮಲ್‌ಸುನ್ ಅಂಗಡಿಗೆ ಇಳಿಯಲಿಲ್ಲ. ಊಟ ಮೇಲಕ್ಕೇ ಹೋಗಬೇಕು. ಇನ್‌ಸುಕ್ ಎಡಗೈಯಲ್ಲಿ ತಟ್ಟೆ ಹಿಡಿದು ಹತ್ತಿ, ಬಾಗಿಲ ಬಳಿ ಇಟ್ಟು, “ಊಟ ಅತ್ತೆ,” ಎಂದು ಹೇಳಿ ಇಳಿಯುತ್ತಿದ್ದಳು. ತಟ್ಟೆ ಬರಿದಾಗಿ ತೊಳೆದು ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ಮುನಿಸಿಕೊಂಡರೂ ಮುದುಕಿ ಎಂಜಲು ತಟ್ಟೆ ಕಳಿಸುವವರಲ್ಲ. ಬೆಳ್ಳುಳ್ಳಿಯನ್ನು ಸುಲಿದದ್ದೇ ಕೊಂಡು ತಂದರು, ಅದಕ್ಕೆ ಘಮವಿರಲಿಲ್ಲ. ಮೂಲಂಗಿಯನ್ನು ಸೊಲ್ ಹಾಕಿದಳು. ಅಜ್ಜಿಗೇನು ಹುಷಾರಿಲ್ಲವೇ ಎಂದು ಗಿರಾಕಿಗಳೇ ಕೇಳತೊಡಗಿದರು.

ಬಲಗೈ ತಲೆ ಬಾಚಿಕೊಳ್ಳುವುದಕ್ಕೂ ಏಳದಾಯಿತು. ಬೆಳಿಗ್ಗೆ ಸೊಲ್ ತಾಯಿಯ ಕೂದಲು ಎತ್ತಿ ಕಟ್ಟುತ್ತಿದ್ದಳು. ಒಂದು ದಿನ ಕಟ್ಟುತ್ತ ಕಟ್ಟುತ್ತ, ಈ ಬೋಗುಣಿ ಅನ್ನ ನಾನು ತರಬಾರದಿತ್ತು ಎಂದು ಅತ್ತುಬಿಟ್ಟಳು. ಇನ್‌ಸುಕ್‌ಗೆ ಸಮಾಧಾನ ಹೇಳುವ ತ್ರಾಣ ಇರಲಿಲ್ಲ. ಬಿಗಿಯಾಗಿ ಕಟ್ಟು, ಹಿಟ್ಟಿಗೆ ಬೀಳುತ್ತೆ ಎಂದಷ್ಟೇ ಹೇಳಿದಳು. ಗ್ಯುತೇ ತಾನೇ ಬುಟ್ಟಿ ಹಿಡಿಯಲು ಶುರು ಮಾಡಿದ್ದ. ಮೊದಲ ದಿನಗಳ ಕೋಳಿ ಹೊರಗೆ ಇದ್ದಿಲು, ಒಳಗೆ ಹಸಿ. ಅವನ ಮುಂಗೈಯಲ್ಲಿ ಎಣ್ಣೆ ಹಾರಿದ ಕೆಂಪು ಚುಕ್ಕೆಗಳೆದ್ದವು. ಅದನ್ನು ಹೆಂಡತಿಗೆ ತೋರಿಸಲು ಬಂದವನು ಅವಳ ಮುಂಗೈಯನ್ನು ನೋಡಿ ಸುಮ್ಮನೆ ಹಿಂದಕ್ಕೆ ಹೋದ. ಆದರೆ ಸೋಮವಾರದ ಮಾತೆತ್ತಿದರೆ ಮಾತ್ರ ಅದೇ ‘ನೋಡೋಣ’.

ಅಧಿಕ ಮಾಸ ಶುರುವಾದ ಮೇಲೆ ಒಂದು ಬೆಳಿಗ್ಗೆ ಮಲ್‌ಸುನ್ ಇಸ್ತ್ರಿ ಮಾಡಿದ ಬಿಳಿ ಮೇಲಂಗಿ ತೊಟ್ಟು ಕೆಳಗಿಳಿದು ಬಂದರು. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು.

“ಸೊಲ್ ಅಮ್ಮ, ಸೋಮವಾರ ನನ್ನ ಜೊತೆ ಬಾ. ಹೋಗುವಾಗ ಉಡೋ ಬಟ್ಟೆ ಹೊಲಿಸ್ಕೋಬೇಕು.”

ಹೋಗುವಾಗ ಉಡುವುದೆಂದರೆ ಕೊನೆಯ ಸಲ ಉಡುವ ಸೆಣಬಿನ ಬಟ್ಟೆ. ಯಾರೂ ನೋಡದ ತಿಂಗಳಿನಲ್ಲಿ ಹೊಲಿಸಿಟ್ಟರೆ ಸಾವಿಗೆ ಸುಳಿವು ಸಿಗುವುದಿಲ್ಲ, ಆಯಸ್ಸು ಗಟ್ಟಿ ಎಂದು ಹಳಬರು ಅಧಿಕ ಮಾಸಕ್ಕಾಗಿಯೇ ಕಾಯುತ್ತಾರೆ. ಗ್ಯುತೇ, ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ, ಇವಳು ಅಂಗಡಿಯಲ್ಲಿರಲಿ ಎಂದ. ತಾಯಿ ಅವನತ್ತ ತಿರುಗಲೂ ಇಲ್ಲ. ಬಟ್ಟೆ ಉಡಿಸುವವಳು ಇವಳು, ನೋಡಬೇಕಾದವಳೂ ಇವಳೇ, ಸೋಮವಾರ ಅಂಗಡಿ ಮುಚ್ಚು ಎಂದರು. ಸೊಲ್ ಯಾರ ಒಪ್ಪಿಗೆಗೂ ಕಾಯದೆ ರಜೆಯ ಚೀಟಿ ಬರೆದು ಬಾಗಿಲಿಗೆ ಅಂಟಿಸಿದಳು.

ಅಷ್ಟು ವರ್ಷಕ್ಕೆ ಸಿಕ್ಕ ಒಂದು ರಜೆಯಲ್ಲಿ ಇನ್‌ಸುಕ್ ಅತ್ತೆಯ ಶವಕ್ಕೆ ಬಟ್ಟೆ ಆರಿಸಲು ಹೋದಳು. ಹಳೆಯ ಸಂತೆಯ ಒಳಗಲ್ಲಿಯ ಅಂಗಡಿ. ಸೆಣಬಿನ ಥಾನುಗಳ ನಡುವೆ ಮಲ್‌ಸುನ್ ಎರಡೂ ಕೈ ಚಾಚಿ ಅಳತೆ ಕೊಟ್ಟು ನಿಂತರು. ಹಬ್ಬಕ್ಕೆ ಹೊಸ ಬಟ್ಟೆ ತೆಗೆಯುವವರ ಹಾಗೆ ನೇಯ್ಗೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಒರಟು ಎಂದರು, ಇನ್ನೊಂದು ತೆಗೆಸಿದರು. ತೋಳಿನ ಉದ್ದದ ಬಗ್ಗೆ ಅಂಗಡಿಯವಳ ಜೊತೆ ವಾದ ಹೂಡಿದರು. ಇನ್‌ಸುಕ್ ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. ಕೆಲಸವಿಲ್ಲದೆ ಕೂತು ಎಷ್ಟೋ ಕಾಲವಾಗಿತ್ತು, ಕೂರುವುದು ಹೇಗೆ ಎಂಬುದೇ ಅವಳಿಗೆ ಮರೆತಂತಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತೆಯ ಚೀಲವನ್ನು ಮಡಿಲಲ್ಲಿಟ್ಟು ಅದರ ಮೇಲಿಟ್ಟುಕೊಂಡಳು.

“ಅಧಿಕದಲ್ಲೇ ಹೋಗ್ಬಿಟ್ರೆ ಒಳ್ಳೇದು,” ಎಂದರು ಮಲ್‌ಸುನ್, ತೋಳು ಚಾಚಿಕೊಂಡೇ. “ಆ ತಿಥಿ ವರ್ಷ ವರ್ಷ ಬರಲ್ಲ. ನಿನಗೂ ತಪ್ಪತ್ತೆ.”

“ತಪ್ಪಲ್ಲ ಅತ್ತೆ. ಅಧಿಕದಲ್ಲಿ ಹೋದ್ರೂ ನಿಜದ ತಿಂಗಳಲ್ಲೇ ಎಡೆ ಇಡ್ತಾರೆ. ನೀವೇ ಹೇಳಿಕೊಟ್ಟಿದ್ದು.”

“ಅಷ್ಟೊಂದು ಹೇಳಿಕೊಡಬಾರದಿತ್ತು,” ಎಂದರು ಮುದುಕಿ. ಅಂಗಡಿಯವಳು ಅಳತೆಯ ಪಟ್ಟಿ ಹಿಡಿದುಕೊಂಡೇ ನಕ್ಕಳು. ಇನ್‌ಸುಕ್‌ಗೂ ನಗು ಬಂತು. ಭುಜ ನೋಯುವಷ್ಟು ನಗು.

ಬಸ್ಸಿನಲ್ಲಿ ಮಲ್‌ಸುನ್ ಕಿಟಕಿಯ ಪಕ್ಕ ಕಣ್ಣುಮುಚ್ಚಿ ಕೂತಿದ್ದವರು ಹಾಗೆಯೇ ಮಾತಾಡಿದರು.

“ಆ ತಟ್ಟೆ ನಾನೂ ನೋಡಿದ್ದೆ.”

ಯಾವ ತಟ್ಟೆ ಎಂದು ಇನ್‌ಸುಕ್ ಕೇಳಲಿಲ್ಲ.

“ದಿನಾ ಆ ಬೆಳ್ಳುಳ್ಳಿ ಸುಲಿಯೋಳು ಯಾರು? ನಾನು. ನನ್ನ ಉಗುರಲ್ಲೇ ಆ ವಾಸನೆ ಇದೆ. ಎಡೆಗೆ ಇಟ್ಟ ಕೂಡ್ಲೇ ಗೊತ್ತಾಯ್ತು. ಮಂಡಿ ಕಿತ್ತು ಬರ್ತಿತ್ತು. ತೆಗೆಸಿದ್ರೆ ಮತ್ತೆ ಮೊದಲಿಂದ ಆಗಬೇಕು. ಆಗ್ಲಿ, ಒಂದು ಮುಗೀಲಿ ಅನ್ನಿಸ್ತು.”

“ಮತ್ತೆ ಆವತ್ತು ನನ್ನ ಅಷ್ಟೊಂದು ಬೈದ್ರಲ್ಲ.”

“ಇನ್ಯಾರನ್ನ ಬೈಲಿ? ನಿನ್ನ ಗಂಡನ್ನ ಬೈದ್ರೆ ಸ್ಕೂಟರ್ ಹತ್ತಿ ಹೋಗ್ತಾನೆ.”

ಇನ್‌ಸುಕ್‌ಗೆ ಕೋಪ ಉಕ್ಕಿತು. ಇಷ್ಟು ವಾರ ತಟ್ಟೆ ಹೊರಿಸಿ ಮೆಟ್ಟಿಲು ಹತ್ತಿಸಿದ ಈ ಮುದುಕಿಯ ಪಕ್ಕದಿಂದ ಎದ್ದು ಬೇರೆ ಸೀಟಿಗೆ ಹೋಗಬೇಕೆನ್ನಿಸಿತು. ಆದರೆ ಆವತ್ತು ಆ ಕೋಣೆಯಲ್ಲಿ ತಲೆ ತಗ್ಗಿಸಿ ಸುಮ್ಮನೆ ನಿಂತದ್ದು ತಾನೊಬ್ಬಳೇ ಅಲ್ಲ ಎಂಬುದು ಎದೆಯ ಮೇಲಿಂದ ಏನನ್ನೋ ಇಳಿಸಿತು. ಅವಳು ಎದ್ದು ಹೋಗಲಿಲ್ಲ. ಎರಡು ನಿಲ್ದಾಣ ದಾಟಿದವು. ಆಮೇಲೆ ಅತ್ತೆ ಕೇಳಿದರು.

“ಕೈ ಹೇಗಿದೆ?”

“ನೋಯ್ತಿದೆ ಅತ್ತೆ.”

“ಹೂಂ,” ಎಂದರು ಮಲ್‌ಸುನ್. ಬಸ್ಸು ತಿರುವಿನಲ್ಲಿ ವಾಲಿದಾಗ ಸೊಸೆಯ ಬಲಭಾಗಕ್ಕೆ ತಾಗದಂತೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

ಬಸ್ಸಿಳಿದಾಗಲೇ ಕರಿದ ಕೋಳಿಯ ವಾಸನೆ ಮೂಗಿಗೆ ಬಡಿಯಿತು. ಬೀದಿಯಲ್ಲಿ ಇನ್ಯಾವ ಅಂಗಡಿಯದೂ ಇರಬಹುದು ಎಂದು ಇನ್‌ಸುಕ್ ತನಗೆ ತಾನೇ ಹೇಳಿಕೊಂಡಳು. ಅಂಗಡಿಯ ಬಾಗಿಲು ತೆರೆದಿತ್ತು. ರಜೆಯ ಚೀಟಿ ಅರ್ಧ ಕಿತ್ತು ನೇತಾಡುತ್ತಿತ್ತು. ಒಳಗೆ ಗ್ಯುತೇ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಎಣ್ಣೆಯ ಮುಂದೆ ನಿಂತಿದ್ದ, ಯಂತ್ರ ಕೂಗುತ್ತಿತ್ತು, ಸೊಲ್ ಕೈಕಟ್ಟಿಕೊಂಡು ಮೂಲೆಯಲ್ಲಿ ಮುಖ ಊದಿಸಿ ಕೂತಿದ್ದಳು. ಶಾಲೆಯ ಮೇಷ್ಟ್ರುಗಳು ಬಂದು ಬಾಗಿಲು ಬಡಿದರು, ಹಸಿದು ಬಂದವರನ್ನು ಹೇಗೆ ಕಳಿಸುವುದು, ನಾಲ್ಕೇ ನಾಲ್ಕು ಬೋಗುಣಿ ಎಂದು ಶುರು ಮಾಡಿದೆ ಎಂದು ಅವನು ಬಡಬಡಿಸಿದ. ಬೇಡ ಅಂದೆ, ಕೇಳಲಿಲ್ಲ ಎಂದಳು ಸೊಲ್.

ಇನ್‌ಸುಕ್‌ಳ ಎಡಗೈ ತಾನಾಗಿಯೇ ಗೋಡೆಯ ಮೊಳೆಯ ಏಪ್ರನ್ನಿಗೆ ಹೋಯಿತು. ಅಭ್ಯಾಸ ಎಂಬುದು ಅಷ್ಟು ಕೆಟ್ಟದ್ದು. ಮಲ್‌ಸುನ್ ಆ ಕೈಯ ಮೇಲೆ ಒಂದು ಪೆಟ್ಟು ಕೊಟ್ಟರು, ಗಲ್ಲಾಪೆಟ್ಟಿಗೆಯ ಹಿಂದೆ ಹೋದರು, ಯಂತ್ರದ ವೈರನ್ನು ಗೋಡೆಯಿಂದ ಕಿತ್ತರು. ‘ಆರ್ಡರ್’ ಎಂಬಲ್ಲಿಗೆ ಹುಡುಗಿ ಬಾಯಿ ಮುಚ್ಚಿದಳು.

“ಮೇಲಿರೋರೇ ಕಣ್ಣು ಮುಚ್ಚಿರೋ ತಿಂಗಳು. ನಿನ್ನ ಗಿರಾಕಿಗಳೂ ಸ್ವಲ್ಪ ಮುಚ್ಕೊಳ್ಳಲಿ. ಈ ತಿಂಗಳು ಪೂರ್ತಿ ಸೋಮವಾರ ಬಾಗಿಲು ತೆಗಿಬೇಡ.”

“ಆಯ್ತಮ್ಮ,” ಎಂದ ಗ್ಯುತೇ. “ಈ ತಿಂಗಳು ತಾನೆ, ನೋಡೋ...”

“ನೋಡೋದೇನಿಲ್ಲ,” ಎಂದಳು ಇನ್‌ಸುಕ್. “ಈ ತಿಂಗಳಷ್ಟೇ ಅಲ್ಲ. ಅಧಿಕ ಮುಗಿದ ಮೇಲೂ ಸೋಮವಾರ ರಜಾ. ಬಾಕಿ ದಿನ ಬುಟ್ಟಿ ನಿಮ್ಮದು. ಡಬ್ಬಿ ತಲುಪಿಸೋಕೆ ಯಾರನ್ನಾದ್ರೂ ಇಟ್ಕೊಳ್ಳಿ. ನಾನಿನ್ನು ಎತ್ತಲ್ಲ.”

ಅವಳು ಕೂಗಿ ಹೇಳಿರಲಿಲ್ಲ. ಆದರೂ ಗ್ಯುತೇ ತನ್ನ ಹಿಟ್ಟಿನ ಕೈಗಳನ್ನು ನೋಡಿಕೊಂಡು, ಸರಿ ಎಂದ. ಸೊಲ್ ಎದ್ದು ಹೋಗಿ ಹರಿದ ಚೀಟಿಯನ್ನು ತೆಗೆದು ಹೊಸದನ್ನು ಬರೆಯಲು ಕೂತಳು.

“ಎಣ್ಣೆ ಹೇಗೂ ಕಾದಿದೆಯಲ್ಲ,” ಎಂದರು ಮಲ್‌ಸುನ್ ಮಗನಿಗೆ. “ಒಂದು ಬೋಗುಣಿ ಮಾಡು, ಇವಳಿಗೆ. ಹೊಸ ಅನ್ನ ಇಡು.”

ಇನ್‌ಸುಕ್ ಮೂಲೆಯ ಮೇಜಿನತ್ತ ನಡೆದಳು. ಅಲ್ಲಲ್ಲ ಎಂದು ಅತ್ತೆ ಅವಳನ್ನು ಕಿಟಕಿಯ ಬಳಿಯ ಗಿರಾಕಿಗಳ ಮೇಜಿಗೆ ಕರೆದೊಯ್ದು ಕೂರಿಸಿ, ಎದುರಿಗೆ ತಾವೂ ಕೂತರು. ಅಲ್ಲಿಂದ ಅಂಗಡಿ ಬೇರೆಯೇ ಕಾಣುತ್ತಿತ್ತು. ಅಡುಗೆಮನೆಯ ಕಿಂಡಿಯಲ್ಲಿ ಗಂಡನ ಬಗ್ಗಿದ ಬೆನ್ನು, ಮೇಲೇಳುವ ಬುಟ್ಟಿ, ಹಬೆ. ಇಷ್ಟು ವರ್ಷ ಇಲ್ಲಿ ಕೂತವರಿಗೆಲ್ಲ ಕಂಡದ್ದು ತನ್ನ ಬೆನ್ನು ಎಂದು ಅವಳಿಗೆ ಹೊಳೆಯಿತು. ಬೆನ್ನು ಒಂದೇ ಕಂಡಿರಬೇಕು.

ಗ್ಯುತೇ ಬೋಗುಣಿ ತಂದಿಟ್ಟ. ಮೊಟ್ಟೆ ಒಡೆದು ಹರಡಿತ್ತು, ಗೊಜ್ಜು ಅಂಚಿಗೆಲ್ಲ ಚೆಲ್ಲಿತ್ತು. ಇನ್‌ಸುಕ್ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತೆಗೆದುಕೊಂಡಳು. ಮಲ್‌ಸುನ್ ತಮ್ಮ ಊಟದ ಕಡ್ಡಿಗಳಿಂದ ಕೋಳಿಯ ಒಂದು ತುಂಡನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

“ಇದಕ್ಕೆ ಬೆಳ್ಳುಳ್ಳಿ ಹಾಕಿದೀಯಾ?”

ಗ್ಯುತೇ ಕೈಯೊರೆಸುತ್ತಿದ್ದವನು ನಿಂತ. ಸೊಲ್ ಬರೆಯುವುದನ್ನು ನಿಲ್ಲಿಸಿದಳು.

“ಹಾಕಿದೀನಿ ಅಮ್ಮ,” ಎಂದ ಮೆಲ್ಲಗೆ.

“ಹಾಕಿರ್ಲಿ,” ಎಂದು ಮುದುಕಿ ಆ ತುಂಡನ್ನು ಸೊಸೆಯ ಚಮಚದ ಅನ್ನದ ಮೇಲಿಟ್ಟರು. “ಬದುಕಿರೋರು ತಾನೆ ತಿನ್ನೋದು.”

ಅನ್ನ ನಾಲಿಗೆ ಸುಡುವಷ್ಟು ಬಿಸಿಯಿತ್ತು. ಇನ್‌ಸುಕ್ ಆರಿಸಿಕೊಳ್ಳದೆಯೇ ತಿಂದಳು.